ಯಾರೂ ಒಪ್ಪಿಕೊಳ್ಳದ ಮೋಟಾರು

ಕುರಕುಂಟಾ ಊರಿನ ಒಂದು ಓಣಿಯಲ್ಲಿ ಸಂಜೆ ದೀಪ ಮಂಕಾದರೆ ಎಲ್ಲರೂ ಬೈಯುತ್ತಿದ್ದುದು ಸಾಬಮ್ಮನ ಗಿರಣಿಯನ್ನು. ಫ್ಯಾನು ನಿಧಾನವಾದರೂ ಅದೇ ಕಾರಣ, ಧಾರಾವಾಹಿಯ ನಡುವೆ ಟಿವಿ ಆರಿದರೂ ಅದೇ ಕಾರಣ. ಹಿಟ್ಟಿನ ಗಿರಣಿಯೆಂದ ಮೇಲೆ ದೊಡ್ಡ ಮೋಟಾರು, ದೊಡ್ಡ ಸದ್ದು. ಅನುಮಾನಕ್ಕೆ ಇನ್ನೇನು ಬೇಕು? ಎದುರುಮನೆಯ ಚಂದ್ರಾಮಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದು, ಸಂಜೆ ಹೊತ್ತು ಗಿರಣಿ ಹಚ್ಚಬಾರದೆಂದು ಹೇಳಿ ಹೋಗಿದ್ದ. ಹೊಲದಿಂದ ಬಂದ ಹೆಂಗಸರು ಜೋಳದ ಡಬ್ಬಿ ಹೊತ್ತು ಬರುವುದೇ ಆ ಹೊತ್ತಿಗೆ. ಆದರೂ ಸಾಬಮ್ಮ ಕೆಲವು ಸಂಜೆ ನಿಲ್ಲಿಸಿ ನೋಡಿದಳು. ದೀಪ ಮಾತ್ರ ಮೊದಲಿನಂತೆಯೇ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಗಿರಣಿ ಲೈನನ್ನೇ ಕೆಡಿಸಿಬಿಟ್ಟಿದೆ, ಈಗ ನಿಲ್ಲಿಸಿದರೆ ಏನು ಬಂತು ಎಂದ ಚಂದ್ರಾಮಪ್ಪ.

ಅಷ್ಟರಲ್ಲಿ ವೃಂದಾ ಎಂಬ ಉಪನ್ಯಾಸಕಿ ಓಣಿಗೆ ಬಂದಳು. ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನವಳು, ತಾನು ರೂಪಿಸಿದ ಉಪಕರಣವೊಂದನ್ನು ಪರೀಕ್ಷಿಸಲು ಬಂದವಳು. ವಿದ್ಯುತ್ ಕಚೇರಿಯ ಒಪ್ಪಿಗೆ ಪಡೆದು, ಲೈನ್‌ಮನ್ ಮಲ್ಲುವಿನ ಕೈಯಿಂದ ಟ್ರಾನ್ಸ್‌ಫಾರ್ಮರಿನ ಕಂಬಕ್ಕೆ ಒಂದು ಪೆಟ್ಟಿಗೆ ಕಟ್ಟಿಸಿದಳು. ಅದೇನು ಮಾಡುತ್ತದೆಂದು ಸಾಬಮ್ಮ ಚಹಾ ಕೊಟ್ಟು ಕೇಳಿದಳು. ಕರೆಂಟು ಅಲೆಅಲೆಯಾಗಿ ಹರಿಯುತ್ತದೆ, ಒಂದೊಂದು ಯಂತ್ರವೂ ಆ ಅಲೆಯ ಮೇಲೆ ತನ್ನದೇ ಸಣ್ಣ ಕಂಪನ ಬಿಡುತ್ತದೆ, ಮಿಕ್ಸಿಯ ಕಂಪನ ಫ್ರಿಜ್ಜಿಗಿಲ್ಲ, ಫ್ರಿಜ್ಜಿನದು ಗಿರಣಿಗಿಲ್ಲ ಎಂದಳು ವೃಂದಾ. ಕಂಬದ ಬಳಿಯೇ ಕುಳಿತು ಯಾವುದು ಓಡುತ್ತಿದೆಯೆಂದು ಈ ಪೆಟ್ಟಿಗೆ ಗುರುತಿಸುತ್ತದೆ ಎಂದು ವಿವರಿಸಿದಳು.

"ಅಂದ್ರ ಹೆಜ್ಜಿ ಸಪ್ಪಳ ಕೇಳಿ ಯಾರು ಬಂದ್ರಂತ ಹೇಳ್ದಂಗಾತು" ಎಂದಳು ಸಾಬಮ್ಮ.

"ಖರೇ ಅದನ್ನೇ ಮಾಡ್ತದ ಸಾಬಮ್ಮಕ್ಕ. ಆದ್ರ ಮೊದಲ ಎಲ್ಲಾರ ಹೆಜ್ಜಿನೂ ಅದಕ್ಕ ಪರಿಚಯ ಮಾಡಸಬೇಕು."

ಮರುದಿನ ಬೆಳಿಗ್ಗೆ ಆ ಪರಿಚಯ ನಡೆಯಿತು. ಒಬ್ಬೊಬ್ಬರ ಮನೆಯಲ್ಲೂ ಒಂದೊಂದೇ ಸಾಮಾನು ಹಚ್ಚಿ ಆರಿಸಬೇಕು, ಮಿಕ್ಕವರು ಸುಮ್ಮನಿರಬೇಕು. ಓಣಿಗೆ ಹಬ್ಬದ ಕಳೆ ಬಂತು. ತಸ್ಲೀಮ್ ತನ್ನ ಹೊಲಿಗೆ ಯಂತ್ರವನ್ನು ಎರಡೆರಡು ಸಲ ಓಡಿಸಿದಳು. ಜಯಮಾಲಾ ತನ್ನ ಮದುವೆಯಲ್ಲಿ ಬಂದ, ಡಬ್ಬವನ್ನೇ ಬಿಚ್ಚದ ಮಿಕ್ಸಿಯನ್ನು ಅಂದು ಹೊರತೆಗೆದಳು. ಸಾಬಮ್ಮ ಗಿರಣಿ ಹಚ್ಚಿದಾಗ ಎಲ್ಲರೂ ಬಲ್ಬು ನೋಡಿದರು. ಅದು ಒಮ್ಮೆ ಮಿಣುಕಿ ಮತ್ತೆ ಮೊದಲಿನಂತೆ ಉರಿಯಿತು. ತನ್ನ ಮನೆಯಲ್ಲಿ ಫ್ಯಾನು, ಟಿವಿ, ಫ್ರಿಜ್ಜು ಬಿಟ್ಟರೆ ಬೇರೇನೂ ಇಲ್ಲವೆಂದ ಚಂದ್ರಾಮಪ್ಪ.

ವಾರ ಕಳೆದ ಮೇಲೆ ವೃಂದಾ ಲ್ಯಾಪ್‌ಟಾಪ್ ತೆರೆದು ಸಾಬಮ್ಮನಿಗೆ ತೋರಿಸಿದಳು. ಗಿರಣಿಯ ಕಂಪನದ ಗುರುತಿನಲ್ಲಿ ಯಾವ ದೋಷವೂ ಇರಲಿಲ್ಲ. ದೀಪ ಮಂಕಾದಾಗಲೆಲ್ಲ ಇನ್ನೊಂದು ಮೋಟಾರಿನ ಗುರುತು ಮೂಡಿತ್ತು. ಅದು ತಿರುಗಲಾರದೆ ಒದ್ದಾಡುತ್ತ, ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತಿತ್ತು. ಪರಿಚಯದ ದಿನ ಯಾವ ಮನೆಯವರೂ ಅಂಥದ್ದನ್ನು ತೋರಿಸಿರಲಿಲ್ಲ. ಯಾರದೆಂದು ಪೆಟ್ಟಿಗೆ ಹೇಳಲಾರದು, ಸಂಜೆ ನಲ್ಲಿಗೆ ನೀರು ಬಿಟ್ಟ ಹೊತ್ತಿಗೇ ಅದು ಏಳುತ್ತದೆ ಎಂದಷ್ಟೇ ವೃಂದಾ ಹೇಳಿದಳು.

ಸಾಬಮ್ಮನಿಗೆ ಅಷ್ಟು ಸಾಕಾಯಿತು. ಊರ ನಲ್ಲಿಯ ಪೈಪಿಗೆ ಮೋಟಾರು ಹಚ್ಚಿ ನೀರು ಎಳೆಯುವಂತಿಲ್ಲ. ಅದಕ್ಕೇ ಯಾರೋ ಬಚ್ಚಿಟ್ಟಿದ್ದಾರೆ. ಇಡೀ ಓಣಿಯಲ್ಲಿ ಮಾಳಿಗೆಯ ನೀರಿನ ಟಾಕಿ ತುಂಬಿ ಸೋರುವುದು ಯಾರ ಮನೆಯದೆಂದು ಅವಳಿಗೆ ಗೊತ್ತಿತ್ತು. ಸಿಟ್ಟು ಬಂತು, ಅದರ ಹಿಂದೆಯೇ ನಗುವೂ ಬಂತು. ಹೆಸರೆತ್ತಿ ಜಗಳ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ನೀರಿಗೆ ಕೊಡ ಹಿಡಿದು ನಿಂತ ಹೆಂಗಸರ ನಡುವೆ, ಎದುರುಮನೆಗೂ ಕೇಳುವಂತೆ ಹೇಳಿದಳು: "ಗಿರಣಿದು ತಪ್ಪಿಲ್ಲಂತ. ನಲ್ಲಿಗಿ ಹಚ್ಚಿದ ಮೋಟಾರ್ ಒಂದು ಅದ ಅಂತ. ನಾಳಿ ಅದು ಎದ್ರ ಮಲ್ಲು ಮನಿಮನಿಗಿ ಬಂದು ನೋಡ್ತಾನಂತ."

ಮಲ್ಲುವನ್ನು ಅವಳಿನ್ನೂ ಕೇಳಿಯೇ ಇರಲಿಲ್ಲ.

ಮರುದಿನ ಸಂಜೆ ಸಾಬಮ್ಮ ಧೈರ್ಯ ಮಾಡಿ ಗಿರಣಿ ಹಚ್ಚಿದಳು. ಒಮ್ಮೆ ಮಿಣುಕಿದ್ದು ಬಿಟ್ಟರೆ ಬಲ್ಬು ಮಂಕಾಗಲಿಲ್ಲ. ಓಣಿಯ ತುದಿಯ ನಲ್ಲಿಯಲ್ಲೂ ನೀರು ಬೊಬ್ಬಿರಿದು ಬಂತು. ತಸ್ಲೀಮಳ ಕೊಡ ತುಂಬಿ ಹರಿದು ಅವಳ ಪಾದ ತೊಯ್ಯಿತು. ಡಬ್ಬಿಗಳ ಸಾಲು ಗಿರಣಿಯ ಮೆಟ್ಟಿಲಿಳಿದು ರಸ್ತೆಗೆ ಬಂತು. ಆ ಸಾಲಿನ ಪಕ್ಕದಲ್ಲಿ, ಜೋಳದ ಡಬ್ಬಿ ಹೊತ್ತು, ಚಂದ್ರಾಮಪ್ಪ ನಿಂತಿದ್ದ.

"ಸಾಬಮ್ಮ, ಆ ಪೆಟಗಿ ಇನ್ನ ಎಷ್ಟ ದಿನ ಇರ್ತದ?" ಎಂದು ದನಿ ತಗ್ಗಿಸಿ ಕೇಳಿದ.

"ಯಾಕ್ರಿ ಕಾಕಾ?"

"ಸುಮ್ನ ಕೇಳ್ದೆ. ಮೋಟಾರ್ ಬಿಚ್ಚಿಟ್ಟೀನಿ. ನಿನಗ ಭಾಳ ಅಂದೆ ನಾನು, ಮನಸಿನ್ಯಾಗ ಇಟ್ಕೋಬ್ಯಾಡ."

ಅವನಿಗೆಂದೇ ಎಷ್ಟೋ ಮಾತು ಕೂಡಿಟ್ಟಿದ್ದಳು ಸಾಬಮ್ಮ. ಹಿಟ್ಟು ಮೆತ್ತಿದ ಸೆರಗಿನಿಂದ ಮುಖ ಒರೆಸಿಕೊಂಡು ಅವನ್ನೆಲ್ಲ ಅಲ್ಲೇ ಬಿಟ್ಟಳು.

"ಆಗ್ಲಿ ಬಿಡ್ರಿ. ಡಬ್ಬಿ ಪಾಳಿಗಿ ಇಟ್ಟು ಕುಂದ್ರಿ" ಎಂದಳು. "ನಡುವ ಮಾತ್ರ ತೂರಬ್ಯಾಡ್ರಿ."

ಹೆಂಗಸರು ನಕ್ಕರು. ಚಂದ್ರಾಮಪ್ಪ ಡಬ್ಬಿಯನ್ನು ಸಾಲಿನ ಕೊನೆಗಿಟ್ಟು ಕಟ್ಟೆಯ ಮೇಲೆ ಕುಳಿತ. ಅವನ ಪಾಳಿ ಬರುವಷ್ಟರಲ್ಲಿ ಮೀಸೆಯ ಮೇಲೆಲ್ಲ ಹಿಟ್ಟು ಕೂತಿತ್ತು.