ಬೇಸ್‌ಮೆಂಟಿನ ಲೈಟು ಹತ್ತಲಿಲ್ಲ

ನಮ್ಮ ಬಿಲ್ಡಿಂಗಿನಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲು ಕೂಗಿ ಕರೆಯಬೇಕಾಗಿಲ್ಲ. ರಸ್ತೆಯಲ್ಲಿ ನಿಂತು ತಲೆಯೆತ್ತಿದರೆ ಸಾಕು. ಎರಡನೇ ಮಹಡಿಯ ಮೆಟ್ಟಿಲ ಕಿಟಕಿ ಬೆಳಗಿದರೆ ಅಲ್ಲಿ ಯಾರೋ ನಡೆಯುತ್ತಿದ್ದಾರೆ, ಮೂರನೆಯದೂ ಬೆಳಗಿದರೆ ಹತ್ತುತ್ತಿದ್ದಾರೆ. ಕತ್ತಲಾಗಿದ್ದರೆ ಅಲ್ಲಿ ಯಾರೂ ಇಲ್ಲ. ಓನರ್ ಮುನಿಕೃಷ್ಣಪ್ಪನವರು ಸೆನ್ಸರ್ ಲೈಟು ಹಾಕಿಸಿದ ಮೇಲೆ ನಮಗೆಲ್ಲ ಇದೇ ಅಭ್ಯಾಸವಾಗಿಬಿಟ್ಟಿದೆ.

ಹುಣಸಮಾರನಹಳ್ಳಿಯಲ್ಲಿ ಅವರದು ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಐದು ಮಹಡಿ ಎಬ್ಬಿಸಿ, ಮೊದಲನೆಯದರಲ್ಲಿ ಅವರೂ ಹೆಂಡತಿ ಸೊಣ್ಣಮ್ಮನವರೂ ಇದ್ದಾರೆ. ಮೇಲೆಲ್ಲ ನಮ್ಮಂಥ ಬಾಡಿಗೆಯವರು. ಲೈಟು ಉರಿಸಿ ಮರೆತುಹೋಗುವವರನ್ನು ಕಂಡರೆ ಮುನಿಕೃಷ್ಣಪ್ಪನವರಿಗೆ ಆಗದು. "ಮನ್ಸ ಬಂದ್ರೆ ತಾನೇ ಹತ್ತುತ್ತೆ, ಓದ್ರೆ ತಾನೇ ಆರುತ್ತೆ, ಇನ್ನ ಸ್ವಿಚ್ ಯಾತಕ್ಕೆ?" ಎಂದು ಬೇಸ್‌ಮೆಂಟಿನ ಸ್ವಿಚ್ಚುಗಳನ್ನೇ ಕೀಳಿಸಿ ಸಿಮೆಂಟು ಮೆತ್ತಿಸಿದರು. ನನ್ನ ಮಗಳು ಮೋನಿಷಾಳಿಗೆ ಅದರಿಂದ ಒಂದು ಆಟ ಸಿಕ್ಕಿತು. ಸೈಕಲ್ ಹತ್ತಿ ಇಳಿಜಾರಿನಲ್ಲಿ ಜುಂಯ್ ಎಂದು ಇಳಿದು, ಕಂಬಗಳ ಸುತ್ತ ಸುತ್ತುವುದು. ಅವಳು ಹೋದಂತೆಲ್ಲ ಮುಂದಿನ ಲೈಟು ಹತ್ತುತ್ತಿತ್ತು. "ಲೈಟಿಗೆ ನಾನು ಗೊತ್ತು ಅಮ್ಮಾ" ಎನ್ನುತ್ತಿದ್ದಳು.

ಆಯುಧಪೂಜೆಯ ದಿನ ನನಗೆ ರಜೆ ಇರಲಿಲ್ಲ. ಯಲಹಂಕದ ಲ್ಯಾಬಿನಲ್ಲಿ ಹಬ್ಬದ ದಿನವೂ ರಕ್ತ ಕೊಡಲು ಜನ ಬರುತ್ತಾರೆ. ನನ್ನ ಗಂಡ ಅಶ್ವತ್ಥ್ ಬೆಳಿಗ್ಗೆಯೇ ಕ್ಯಾಬಿಗೆ ಪೂಜೆ ಮುಗಿಸಿ ಏರ್‌ಪೋರ್ಟಿಗೆ ಹೋಗಿದ್ದ. ದಸರಾ ರಜೆಯಲ್ಲಿದ್ದ ಮೋನಿಷಾಳನ್ನು ಸೊಣ್ಣಮ್ಮನವರ ಮನೆಯಲ್ಲಿ ಬಿಟ್ಟಿದ್ದೆವು.

ನಾನು ವಾಪಸ್ಸು ಬಂದಾಗ ಹೊತ್ತು ಮುಳುಗುತ್ತಿತ್ತು. ತೊಳೆದು ಹೂ ಮುಡಿಸಿದ ಗಾಡಿಗಳೆಲ್ಲ ರಸ್ತೆಯಲ್ಲೇ ಸಾಲಾಗಿ ನಿಂತಿದ್ದವು. ಎದುರಿನ ಆಟೋ ಸ್ಟ್ಯಾಂಡಿನಲ್ಲಿ ಎದೆ ನಡುಗುವಷ್ಟು ಜೋರಾಗಿ ಹಾಡು ಹಾಕಿದ್ದರು. ಸೊಣ್ಣಮ್ಮನವರ ಮನೆ ತುಂಬ ನೆಂಟರು.

"ಮೋನಿ ಎಲ್ಲಿ ಅಜ್ಜಿ?" ಎಂದೆ.

ಅವರು ಒಬ್ಬಟ್ಟಿನ ತಟ್ಟೆ ಹಿಡಿದವರು ಹಾಗೇ ನಿಂತರು. "ಮೇಲಕ್ಕೆ ಓಗ್ಲಿಲ್ವಾ ತಾಯಿ? ನೀನ್ ಬಂದೆ, ಕರ್ಕೊಂಡೋದೆ ಅನ್ಕಂಡೆ ಕಣಮ್ಮಿ."

"ನಾನು ಈಗ ಬರ್ತಿದೀನಿ."

ಮೇಲಕ್ಕೆ ಓಡಿದೆ. ನನ್ನ ಮುಂದೆ ಮುಂದೆ ಲೈಟುಗಳು ಹತ್ತುತ್ತ ಹೋದವು. ನಮ್ಮ ಮನೆಗೆ ಬೀಗ ಹಾಕಿತ್ತು. ಅವಳು ಆಡಲು ಹೋಗುವ ಮನೆಗಳ ಬಾಗಿಲು ಬಡಿದೆ, ಅಲ್ಲಿಯೂ ಇರಲಿಲ್ಲ. ಟೆರೇಸಿಗೆ ಹೋಗಿ, ಟ್ಯಾಂಕಿನ ಹಿಂದೆ ಇಣುಕಿ, ಗೋಡೆಯ ಅಂಚಿಗೆ ಹೋಗಿ ಕೆಳಗೆ ನೋಡಬೇಕಾಯಿತು. ನೋಡುವ ಮೊದಲು ಕಣ್ಣು ಮುಚ್ಚಿಕೊಂಡೆ, ಆಮೇಲೆ ತೆರೆದೆ. ಕೆಳಗೆ ಬರೀ ಬಾಳೆಕಂದು, ಒಡೆದ ಬೂದುಗುಂಬಳ, ಚೆಲ್ಲಿದ ಕುಂಕುಮ. ಆ ಕೆಂಪು ಕುಂಕುಮವೆಂದು ಅರ್ಥವಾದ ಮೇಲೆ ಮೆಟ್ಟಿಲಿಳಿದು ಓಡಿದೆ.

ಗೇಟಿನ ಹತ್ತಿರ ವಾಚ್‌ಮನ್ ಮುನೇಶ್ ಇದ್ದ. "ಆಚೆ ಹೋಗಿದ್ ನೋಡ್ಲಿಲ್ಲ ಅಕ್ಕಾ. ಆದ್ರೆ ನೀರಿನ ಟ್ಯಾಂಕರ್ ಬಂದಾಗ ಪೈಪ್ ಹಿಡ್ಕೊಂಡು ಕೆಳಗಡೆ ಇದ್ದೆ. ಆಗ ಗೇಟ್ ತೆಗ್ದೇ ಇತ್ತು."

"ಬೇಸ್‌ಮೆಂಟಲ್ಲಿ ನೋಡಿದ್ಯಾ?"

ಅವನು ಇಳಿಜಾರಿನ ಬಾಯಿಯ ಕಡೆ ಕೈ ಮಾಡಿದ. "ಕತ್ಲೆ ಐತಲ್ಲಕ್ಕಾ. ಮಗು ಇದ್ದಿದ್ರೆ ಲೈಟ್ ಹತ್ತಿರೋದು."

ನಾನೂ ಬಗ್ಗಿ ನೋಡಿದೆ. ಇಳಿಜಾರು ಅರ್ಧಕ್ಕೆ ತಿರುಗುತ್ತದೆ. ಆ ತಿರುವಿನ ಗೋಡೆಯ ಮೇಲೆ ಒಳಗಿನ ಬೆಳಕು ಬೀಳಬೇಕು. ಬಿದ್ದಿರಲಿಲ್ಲ. ಹೌದು, ಅಲ್ಲಿಲ್ಲ ಎಂದುಕೊಂಡು ತಿರುಗಿ ರಸ್ತೆಗೆ ಓಡಿದೆ.

ಏರ್‌ಪೋರ್ಟ್ ರಸ್ತೆ ನಮ್ಮ ಬೀದಿಯಿಂದ ಕೂಗಳತೆಯಲ್ಲಿದೆ. ಅಲ್ಲಿ ಗಾಡಿಗಳು ನಿಲ್ಲುವುದಿಲ್ಲ. ಆಟೋದವರನ್ನು ಕೇಳಿದೆ, ಹೂವಿನವಳನ್ನು ಕೇಳಿದೆ. "ಹಳದಿ ಫ್ರಾಕು, ಎರಡು ಜಡೆ" ಎಂದು ಹೇಳುವಾಗ, ನಾಳೆ ಇದೇ ಮಾತನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಹೇಳುತ್ತಿರುವಂತೆ ನನ್ನ ದನಿಯೇ ನನಗೆ ಕೇಳಿಸಿತು. ಅಶ್ವತ್ಥ್‌ಗೆ ಫೋನ್ ಮಾಡಿದೆ. "ನೀನ್ ಎಲ್ಲೂ ಹೋಗ್ಬೇಡ, ಬಿಲ್ಡಿಂಗಲ್ಲೇ ಇರು, ನಾ ಬಂದೆ" ಎಂದವನ ಹಿಂದೆ ಯಾರೋ ಪ್ಯಾಸೆಂಜರ್ ಗೊಣಗುವುದು ಕೇಳಿತು.

ಗೇಟಿಗೆ ಮರಳಿದೆ. ಮುನೇಶನೂ ನೆಂಟರ ಹುಡುಗರೂ ಬೀದಿ ಬೀದಿ ಹುಡುಕಲು ಹೋಗಿದ್ದರು. ಇಳಿಜಾರಿನ ಮೇಲೆ ಟ್ಯಾಂಕರ್ ಪೈಪು ಎಳೆದ ಒದ್ದೆ ಗೆರೆ ಇನ್ನೂ ಆರಿರಲಿಲ್ಲ. ಅದು ತಿರುವಿನಾಚೆ ಕತ್ತಲೆಗೆ ಹೋಗಿತ್ತು. ಪೈಪು ಹೋಗುವುದು ನೆಲದೊಳಗಿನ ನೀರಿನ ಸಂಪಿಗೆ. ಸಂಪಿನ ಮುಚ್ಚಳ?

ಇಳಿದೆ. ತಿರುವು ದಾಟಿದೆ. ಒಳಗೆ ಕಾಲಿಟ್ಟ ಕೂಡಲೇ ಹತ್ತುವ ಮೊದಲ ಕಂಬದ ಲೈಟು ಹತ್ತಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ. ಕೈ ಬೀಸಿದೆ. ಎರಡೂ ಕೈ ಎತ್ತಿ ಹುಚ್ಚಿಯಂತೆ ಆಡಿಸಿದೆ. ಕತ್ತಲೆ ಹಾಗೇ ಇತ್ತು.

ಆಗ ಹೊಳೆಯಿತು. ನಾನೇ ಇಲ್ಲಿ ನಿಂತಿದ್ದೇನೆ. ಮೇಲಿನಿಂದ ನೋಡಿದವರಿಗೆ ಇಲ್ಲಿ ಯಾರೂ ಇಲ್ಲ.

"ಮೋನೀ!"

ಆಟೋ ಸ್ಟ್ಯಾಂಡಿನ ಹಾಡು ಅಷ್ಟು ಕೆಳಗೂ ಗುದ್ದುತ್ತಿತ್ತು. ಉತ್ತರವಿಲ್ಲ. ಫೋನಿನ ಟಾರ್ಚು ಹಾಕಿದೆ. ಗಾಡಿಗಳಿಲ್ಲದ ಬೇಸ್‌ಮೆಂಟು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಟಾರ್ಚಿನ ಬೆಳಕು ನಾಲ್ಕು ಮಾರು ಹೋಗಿ ಸತ್ತುಬೀಳುತ್ತಿತ್ತು. ಒದ್ದೆ ಗೆರೆ ಹಿಡಿದು ನಡೆದೆ. ಮೊದಲು ಕಂಡದ್ದು ಪಕ್ಕಕ್ಕೆ ಎಳೆದಿಟ್ಟ ಕಬ್ಬಿಣದ ಮುಚ್ಚಳ. ಆಮೇಲೆ ಸೈಕಲ್. ಅಡ್ಡಬಿದ್ದಿತ್ತು. ಮುಂದಿನ ಚಕ್ರ ಸಂಪಿನ ಬಾಯಿಯ ಮೇಲೆ ಗಾಳಿಯಲ್ಲಿತ್ತು, ಅದಕ್ಕೆ ಸುತ್ತಿದ್ದ ಸೇವಂತಿಗೆ ಹಾರ ಒಳಕ್ಕೆ ಜೋತುಬಿದ್ದಿತ್ತು.

ನೆಲಕ್ಕೆ ಬಿದ್ದು ಒಳಗೆ ಬೆಳಕು ಬಿಟ್ಟೆ. ಕಪ್ಪು ನೀರು, ತುಂಬಿದ್ದು. ಅದರ ಮೇಲೆ ಹಳದಿ.

ಕೈ ಹಾಕಿದೆ, ಭುಜ ಮುಳುಗುವವರೆಗೂ. ಹಿಡಿಯಲ್ಲಿ ಬಂದದ್ದು ಎಸಳು, ಬರೀ ಹೂವಿನ ಎಸಳು. ಮತ್ತೆ ಹಾಕಿದೆ. ಏನೂ ಸಿಗಲಿಲ್ಲ. ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಇನ್ನೂ ಆಳಕ್ಕೆ ತಡಕಾಡುತ್ತಿದ್ದೆ.

"ಅಮ್ಮಾ..."

ದನಿಯಲ್ಲ, ಉಸಿರು. ಬೆಳಕನ್ನು ತಿರುಗಿಸಿದೆ. ಸಂಪಿನಾಚೆ ಮೂಲೆಯ ಗೋಡೆಗೆ ಬೆನ್ನು ಅಂಟಿಸಿಕೊಂಡು ಮೋನಿಷಾ ನಿಂತಿದ್ದಳು. ಕಾಲ್ಬೆರಳುಗಳನ್ನು ಮಡಚಿ, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿಕೊಂಡಿದ್ದಳು. ಮೊಣಕಾಲು ತರಚಿತ್ತು. ಕೂಗಿ ಕೂಗಿ ಗಂಟಲು ಹೋಗಿತ್ತು.

"ಅಲ್ಲೇ ಇರು ಚಿನ್ನ. ಅಳ್ಳಾಡ್ಬೇಡ."

"ಅಳ್ಳಾಡ್ಲಿಲ್ಲ ಅಮ್ಮಾ. ಗುಂಡಿ ಎಲ್ಲಿದೆ ಅಂತ ಕಾಣ್ತಿರ್ಲಿಲ್ಲ."

ಗೋಡೆಯ ಪಕ್ಕದಲ್ಲೇ ಸುತ್ತಿ ಬಂದು ಅವಳನ್ನೆತ್ತಿಕೊಂಡೆ. ಮೈ ತಣ್ಣಗಾಗಿತ್ತು. ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಕೇಳಿದಳು: "ಲೈಟು ನನ್ನ ನೋಡ್ಲೇ ಇಲ್ಲ. ಎಷ್ಟು ಕುಣಿದ್ರೂ ನೋಡ್ಲಿಲ್ಲ. ನಾನು ಇದ್ನಾ ಅಮ್ಮಾ?"

"ಇದ್ದೆ ಕಣೇ. ಇದೀಯ." ಅವಳ ಬೆನ್ನು ತಿಕ್ಕುತ್ತ ಮೇಲಕ್ಕೆ ಕೂಗಿ ಕರೆದೆ.

ನನ್ನ ಕೂಗು ಕೇಳಿ ಮುನಿಕೃಷ್ಣಪ್ಪನವರೂ ಸೊಣ್ಣಮ್ಮನವರೂ, ಹುಡುಕಿ ಗೇಟಿಗೆ ಹಿಂದಿರುಗಿದ್ದ ಮುನೇಶನೂ ಇಳಿದು ಬಂದರು. "ಇದ್ಯಾಕೆ ಇಂಗೆ ಕತ್ಲು?" ಎನ್ನುತ್ತ ಮುನಿಕೃಷ್ಣಪ್ಪನವರು ಕಂಬದ ಹತ್ತಿರ ಟಾರ್ಚು ಹಿಡಿದರು. ನಿಂಬೆಹಣ್ಣಿನ ಹೋಳಿನಷ್ಟಿರುವ ಸೆನ್ಸರಿನ ಬಿಳಿ ಗುಬುಟು ಕಾಣಲಿಲ್ಲ. ಅದರ ತುಂಬ ಗಂಧ, ದಪ್ಪಗೆ, ಒಣಗಿ ಬಿರುಕು ಬಿಟ್ಟಿತ್ತು. ಮೇಲೆ ವಿಭೂತಿಯ ಮೂರು ಗೆರೆ. ನಡುವೆ ಕಾಸಿನಗಲ ಕುಂಕುಮ.

ಪಕ್ಕದ ಕಂಬದಲ್ಲೂ, ಅದರಾಚೆಯದರಲ್ಲೂ ಹಾಗೇ.

"ನೀರಿನ ಮೋಟ್ರಿಗೆ ಇಕ್ಕಿದೆ, ಮೀಟ್ರಿಗೆ ಇಕ್ಕಿದೆ," ಎಂದರು ಅವರು, ತಮ್ಮಷ್ಟಕ್ಕೆ. "ಇದೂ ಯಂತ್ರವೇ ತಾನೇ, ಇದ್ಯಾಕೆ ಬಿಡೋದು ಅಂತ... ಕೈಗೆ ಎಟುಕ್ತಿತ್ತು." ಗಾಡಿಗಳೆಲ್ಲ ಆಗಲೇ ಹೊರಗಿದ್ದವು. ಆಮೇಲೆ ಇಲ್ಲಿಗೆ ಯಾರೂ ಇಳಿದಿರಲಿಲ್ಲ, ಪೂಜೆಗೂ ಮೊದಲು ಪೈಪು ಸುತ್ತಿ ಹೋದ ಮುನೇಶನೂ.

"ಒರೆಸಿ," ಎಂದೆ.

ಅವರು ಕೈ ಎತ್ತಿದವರು ತಡೆದರು. "ಇವತ್ತೇ ಒರೆಸ್ಬಾರ್ದಮ್ಮಾ. ಪೂಜೆ ಮಾಡಿರೋ ಕುಂಕುಮ. ನಾಳೆ ಒತ್ತಾರೆ ನೀರಾಕಿ ತೆಗೀಬೇಕು."

"ಹಬ್ಬದ ದಿವ್ಸ ಕುಂಕುಮ ಅಳಿಸ್ಬಾರ್ದು ತಾಯಿ," ಎಂದು ಸೊಣ್ಣಮ್ಮನವರೂ ಸೇರಿಸಿದರು. ಹಾಗೆನ್ನುತ್ತಿದ್ದಂತೆ ನನ್ನ ಒದ್ದೆ ತೋಳು ನೋಡಿದರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅಂಗೈಗೆ ಎಸಳು ಅಂಟಿತ್ತು. ಅವರು ಗಂಡನ ಕೈಯ ಟಾರ್ಚು ಕಿತ್ತುಕೊಂಡು ಆಚೆ ಬೆಳಕು ಬಿಟ್ಟರು. ಸೈಕಲ್ಲು, ಗಾಳಿಯಲ್ಲಿದ್ದ ಚಕ್ರ, ತೆರೆದ ಬಾಯಿ.

"ಅಯ್ಯೋ ನನ್ನವ್ವಾ," ಎಂದರು. ಕಂಬದ ಹತ್ತಿರ ಬಂದು ತಮ್ಮ ಹೊಸ ಸೀರೆಯ ಸೆರಗನ್ನೇ ಹಿಡಿದು, ಉಗುಳು ಹಚ್ಚಿ, ಗಂಧವನ್ನು ಉಜ್ಜತೊಡಗಿದರು. ಕುಂಕುಮ ಕರಗಿ ಅವರ ಬೆರಳ ಸಂದಿಯಿಂದ ಇಳಿಯಿತು.

ಬೆಳಕು ಧಗ್ಗೆಂದು ಹತ್ತಿತು.

ಎಲ್ಲ ಒಟ್ಟಿಗೆ ಕಂಡಿತು. ಇಳಿಜಾರಿನಿಂದ ಸೈಕಲ್ಲಿನ ಒದ್ದೆ ಚಕ್ರದ ಗುರುತು ನೇರವಾಗಿ ಬಂದು ಮುಚ್ಚಳಕ್ಕೆ ಬಡಿದಿತ್ತು. ಮುಚ್ಚಳದಿಂದ ಸಂಪಿನ ಬಾಯಿಗೆ ಒಂದು ಗೇಣು. ಮುನೇಶ್ ತಲೆಯ ಮೇಲೆ ಕೈ ಹೊತ್ತು ಕುಕ್ಕರುಗಾಲಲ್ಲಿ ಕೂತ. "ಮುಚ್ದೆ ಅನ್ಕೊಂಡೆ," ಎಂದ. "ಸತ್ಯವಾಗ್ಲೂ ಮುಚ್ದೆ ಅನ್ಕೊಂಡೆ." ಯಾರೂ ಅವನನ್ನು ಬೈಯಲಿಲ್ಲ. "ನಾನೂ ಕಂಬ ನೋಡ್ದೆ, ನೆಲ ನೋಡ್ಲಿಲ್ಲ," ಎಂದರು ಮುನಿಕೃಷ್ಣಪ್ಪನವರು. ಆ ಒಂದು ಗೇಣನ್ನೇ ನೋಡುತ್ತ ನಾವೆಲ್ಲ ಕಲ್ಲಿನಂತೆ ನಿಂತುಬಿಟ್ಟೆವು.

ಎಷ್ಟು ಹೊತ್ತೋ, ಲೈಟು ಆರಿತು.

ಮೋನಿಷಾ ಕಿರುಚಿದಳು. ಗಂಟಲಿಲ್ಲದ ಆ ಕಿರುಚು ನನ್ನ ಎದೆಯೊಳಗೇ ಎದ್ದಂತಿತ್ತು. "ಅಳ್ಳಾಡಿ! ಎಲ್ರೂ ಅಳ್ಳಾಡಿ!"

ಕೈ ಬೀಸಿದೆವು. ಲೈಟು ಹತ್ತಿತು. ಮುನೇಶ್ ಎದ್ದು ಮುಚ್ಚಳವನ್ನು ಎಳೆಯತೊಡಗಿದ. ಕಬ್ಬಿಣ ನೆಲಕ್ಕೆ ಉಜ್ಜಿ ಹಲ್ಲು ಜುಮ್ಮೆನ್ನುವಂತೆ ಕಿರ್ರೆಂದಿತು. ಅವನು ಎಳೆದು ಮುಚ್ಚುವವರೆಗೂ, ಎಪ್ಪತ್ತು ದಾಟಿದ ಮುನಿಕೃಷ್ಣಪ್ಪನವರು ಪಂಚೆಯುಟ್ಟುಕೊಂಡು ಎರಡೂ ಕೈ ಮೇಲೆತ್ತಿ ಆಡಿಸುತ್ತಲೇ ಇದ್ದರು. ಪಕ್ಕದಲ್ಲಿ ಸೊಣ್ಣಮ್ಮನವರು ಕೆಂಪಾದ ಸೆರಗನ್ನು ಬೀಸುತ್ತಿದ್ದರು. ನಾನು ಮೋನಿಷಾಳನ್ನು ಎತ್ತಿಕೊಂಡು ಹಿಂದೆ ಹಿಂದಕ್ಕೆ ಇಳಿಜಾರು ಹತ್ತುತ್ತಿದ್ದೆ. ಅವಳು ಕಂಬದಿಂದ ಕಣ್ಣು ಕೀಳಲಿಲ್ಲ. ನನ್ನ ಕೈಯನ್ನು ಹಿಡಿದು, ತಾನೇ ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತಿದ್ದಳು.

"ನಿಲ್ಲಿಸ್ಬೇಡ ಅಮ್ಮಾ," ಎಂದಳು. "ಆಚೆ ಹೋಗೋವರ್ಗೂ ನಿಲ್ಲಿಸ್ಬೇಡ."