ನಕಲಿ ಡಬ್ಬಿಯ ಕಾನ್‌ಸ್ಟಂಟೈನ್

ಮಾಘದ ಆ ಮುಂಜಾನೆ ಯಲ್ಲಾಪುರದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎಂಟು ಗಂಟೆಯ ಶಿರಸಿ ಬಸ್ಸು ದೀಪ ಹಚ್ಚಿಕೊಂಡೇ ನಿಲ್ದಾಣ ಬಿಟ್ಟಿತು. ಕಿಟಕಿಯ ಗಾಜಿನ ಮೇಲೆ ಇಬ್ಬನಿ ಗೆರೆಗೆರೆಯಾಗಿ ಇಳಿಯುತ್ತಿತ್ತು. ಬದ್ರುದ್ದೀನ್ ಸಾಹೇಬರು ಬರೀ ಅಂಗಿಯಲ್ಲಿ ಕುಳಿತಿದ್ದರು. ಸ್ವೆಟರ್ ತಂದುಕೊಟ್ಟ ಹೆಂಡತಿಗೆ, ಒಳಗೆ ಉರಿಯುವಾಗ ಮೇಲೆ ಉಣ್ಣೆ ಯಾಕೆ ಎಂದು ಹೇಳಿ ಹೊರಟಿದ್ದರು.

ಉರಿ ಹತ್ತಿದ್ದು ಹಿಂದಿನ ದಿನ. ಮೊಮ್ಮಗಳು ನಗ್ಮಾ ಕಾಲೇಜಿನಿಂದ ಬಂದವಳು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಬರುವ ಭಾನುವಾರ ಶಿರಸಿಯಲ್ಲಿ ನಾಣ್ಯಗಳ ಪ್ರದರ್ಶನವಿತ್ತು. ಅದಕ್ಕೆ ತಯಾರಾದ ಒಂದು ತಟ್ಟೆಯ ಚಿತ್ರ ಅದು. ಕೆಂಪು ಬಟ್ಟೆಯ ಮೇಲೆ ಐದಾರು ತಾಮ್ರದ ನಾಣ್ಯಗಳು, ಮೇಲೊಂದು ರಟ್ಟು: ‘ಇವು ನಕಲಿ. ಮೋಸಹೋಗಬೇಡಿ.’ ಮೂರನೆಯ ನಾಣ್ಯದ ಅಡಿಗೆ ಚೀಟಿ: ‘ಬದ್ರುದ್ದೀನ್, ಯಲ್ಲಾಪುರ.’ ಅಜ್ಜ ನಕಲಿ ನಾಣ್ಯ ಮಾಡುತ್ತಿದ್ದರೇ ಎಂದು ಗೆಳತಿಯರು ಕೇಳಿದರಂತೆ. ಅವಳು ಕೇಳಿದ್ದು ನಗುತ್ತಲೇ. ಆದರೂ ಕೇಳಿದಳಲ್ಲ.

ಸಾಹೇಬರು ಮೂವತ್ತು ವರ್ಷ ಲಾರಿ ಓಡಿಸಿದವರು. ತಮಿಳುನಾಡಿನ ಕರೂರಿಗೆ ಲೋಡು ಹೋದಾಗಲೆಲ್ಲ ಅಲ್ಲಿಯ ಹಳೆ ಪಾತ್ರೆ ಅಂಗಡಿಗೆ ಹೊಕ್ಕು, ಆ ಊರ ಹೊಳೆಯಲ್ಲಿ ಸಿಗುತ್ತಿದ್ದ ಹೆಬ್ಬೆಟ್ಟಿನ ಉಗುರಿನಷ್ಟಗಲದ ರೋಮಿನ ತಾಮ್ರಗಳನ್ನು ಆರಿಸಿ ತರುತ್ತಿದ್ದರು. ಸಾವಿರದ ಏಳುನೂರು ವರ್ಷ ಹಿಂದಿನವು. ಒಂದೊಂದು ಅಕ್ಷರ ಕೂಡಿಸಿಕೊಂಡು ರಾಜನ ಹೆಸರು ಓದುವುದನ್ನು ತಾವೇ ಕಲಿತಿದ್ದರು. ಆದರೆ ಅಂಚಿನ ಅಕ್ಷರ ಪೂರ್ತಿ ಉಳಿದ ನಾಣ್ಯ ಅಪರೂಪ. ಅಕ್ಷರ ಹೋದದ್ದನ್ನು ಮುಖ ನೋಡಿ ಹೇಳುವವರು ಮೂರು ತಾಲೂಕಿಗೆ ಒಬ್ಬರೇ, ಶಿರಸಿಯ ದಿನಕರ ಗುಡಿಗಾರರು.

ದಿನಕರರದು ಮರ ಕೆತ್ತುವ ಮನೆತನ. ಚೌತಿಯ ಗಣಪತಿಯ ಕಣ್ಣು ನೋಡಿದರೆ ಸಾಕು, ಯಾರ ಮನೆಯಲ್ಲಿ ಬರೆದದ್ದು ಎಂದು ಹೇಳಬಲ್ಲರು. ಅದೇ ಕಣ್ಣಿನಿಂದ ರೋಮಿನ ರಾಜರನ್ನೂ ನೋಡುತ್ತಿದ್ದರು. ಉದ್ದ ಕುತ್ತಿಗೆ, ಗಿಣಿಮೂಗು, ಬೋಳು ಗಲ್ಲ: ಕಾನ್‌ಸ್ಟಂಟೈನ್. ಚೌಕ ದವಡೆ, ಗೂಳಿ ಕುತ್ತಿಗೆ, ಮೊಟಕು ಗಡ್ಡ: ಅವನ ಜೊತೆಗೇ ಪೂರ್ವದ ಸೀಮೆಯನ್ನು ಆಳುತ್ತಿದ್ದ ಲಿಸಿನಿಯಸ್. ಸಿದ್ದಾಪುರದಿಂದಲೂ ಜನ ನಾಣ್ಯವನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದರು. ಅವರ ಮಾತಿಗೆ ಎದುರು ಮಾತಿರಲಿಲ್ಲ.

ಆರು ವರ್ಷದ ಹಿಂದೆ, ನಾಣ್ಯ ಕೂಡಿಡುವವರ ಬಳಗದ ಒಂದು ಕೂಟದಲ್ಲಿ ಸಾಹೇಬರು ತಮ್ಮ ಬಳಿ ಇದ್ದುದರಲ್ಲೇ ಚೊಕ್ಕ ನಾಣ್ಯವೊಂದನ್ನು ಅವರ ಕೈಗೆ ಕೊಟ್ಟಿದ್ದರು. ಅಕ್ಷರ ಒಂದೂ ಅಳಿಸಿರಲಿಲ್ಲ, ಕಾನ್‌ಸ್ಟಂಟೈನ್ ಎಂದು ಸ್ಪಷ್ಟವಾಗಿತ್ತು. ದಿನಕರರು ಭೂತಗನ್ನಡಿ ಹಿಡಿದವರು ಅರೆಗಳಿಗೆಯಲ್ಲಿ ಕೆಳಗಿಟ್ಟರು. ಹೆಸರು ಒಬ್ಬನದು, ಮುಖ ಲಿಸಿನಿಯಸ್ಸನದು, ಯಾರೋ ಎರಡು ನಾಣ್ಯ ನೋಡಿ ಒಂದು ಮಾಡಿದ್ದಾರೆ ಎಂದರು. ಹಿಂದಿನ ಬದಿಯಲ್ಲಿ ನಾಣ್ಯ ಹೊಡೆದ ಊರಿನ ಅಕ್ಷರವೂ ಇದೆ, ತಿರುಗಿಸಿ ನೋಡಿ ಎಂದು ಸಾಹೇಬರು ಅಂದದ್ದು ಜನರ ನಗೆಯಲ್ಲಿ ಮುಳುಗಿಹೋಯಿತು. ನಕಲಿ ಎಂದು ಕಂಡದ್ದು ಮತ್ತೆ ಪೇಟೆಗೆ ಹೋಗಬಾರದೆಂಬುದು ಆ ಬಳಗದ ಕಟ್ಟಳೆ. ನಾಣ್ಯ ದಿನಕರರು ನಕಲಿಗಳನ್ನಿಡುವ ತಗಡಿನ ಡಬ್ಬಿ ಸೇರಿತು. ಸಾಹೇಬರು ಅಂದಿನಿಂದ ಕೂಟಕ್ಕೆ ಹೋಗಲಿಲ್ಲ.

ಶಿರಸಿಯಲ್ಲಿ ಇಳಿದಾಗ ಮಂಜು ಕರಗುತ್ತಿತ್ತು. ದಿನಕರರು ಮಿಂದು, ಉಳಿಗಳಿಗೆ ಗಂಧ ಹಚ್ಚಿ, ಆಗಷ್ಟೇ ಮಣೆಯ ಮೇಲೆ ಕುಳಿತಿದ್ದರು. ಎದುರಿಗೆ ಶಿವನೆ ಮರದಲ್ಲಿ ಕೆತ್ತಿದ, ಎದೆಯ ಮಟ್ಟದ ಒಂದು ಮೂರ್ತಿ. ಗೋಡೆಯ ಬದಿಗೆ ಕೆಂಪು ಬಟ್ಟೆಯ ಆ ತಟ್ಟೆ.

“ದಿನಕರಾ, ನನ್ನ ಹೆಸರು ಹೊಲಸು ಮಾಡಕ್ಕೆ ನಿಂಗೆ ಯಾರು ಹೇಳಿದ್ದು?”

ಇಷ್ಟು ವರ್ಷ ದಿನಕರಣ್ಣ, ನೀವು ಎಂದೇ ಮಾತಾಡಿದವರ ಬಾಯಿಂದ ಇದು ಬಂದಾಗ ದಿನಕರರ ಉಳಿ ನಿಂತಿತು.

“ಕೂತ್ಕಳಿ ಸಾಹೇಬ್ರೆ. ಚಾ ತರಿಸ್ತೆ.”

“ಚಾ ನಿನ್ನ ನಕಲಿ ಡಬ್ಬಿಗೆ ಹೊಯ್ಕೊ.”

ನಾಣ್ಯ ಕೊಡು, ಚೀಟಿ ಹರಿ, ಎರಡೇ ಮಾತು ಎಂದರು ಸಾಹೇಬರು. ಲಾರಿಯಲ್ಲಿ ಒಂದು ಮೂಟೆ ಹೆಚ್ಚುಕಮ್ಮಿ ಮಾಡದವನನ್ನು ಮೊಮ್ಮಗಳ ಮುಂದೆ ಕಳ್ಳನನ್ನಾಗಿ ಮಾಡಿದೆ ಎಂದರು. ದಿನಕರರಿಗೂ ಸಿಟ್ಟೇರಿತು. ಚೀಟಿಯಲ್ಲಿ ಕಳ್ಳ ಎಂದು ಬರೆದಿಲ್ಲ, ಮೋಸಹೋದವರ ಹೆಸರು ಬರೆಯುವುದು ವಾಡಿಕೆ ಎಂದರು. ಕಟ್ಟಳೆಯನ್ನು ಒಬ್ಬರಿಗಾಗಿ ಮುರಿಯುವುದಿಲ್ಲ ಎಂದೂ ಹೇಳಿದರು.

“ಅಕ್ಷರ ಸುಳ್ಳು ಹೇಳ್ತದೆ ಸಾಹೇಬ್ರೆ. ಮುಖ ಸುಳ್ಳು ಹೇಳೂದಿಲ್ಲ.”

ಸಾಹೇಬರು ತಟ್ಟೆಯತ್ತ ಒಂದು ಹೆಜ್ಜೆ ಇಟ್ಟರು. ದಿನಕರರೂ ಎದ್ದರು. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಹುಲಗೋಳದ ಪ್ರಮೋದ ತನ್ನ ಸೋದರತ್ತೆ ಸುಬ್ಬಲಕ್ಷ್ಮಿಯನ್ನು ಕೈಹಿಡಿದು ಇಳಿಸಿಕೊಂಡು ಬಂದ. ಊರ ಶಾಲೆಗೆ ಜಾಗ ಕೊಟ್ಟ ಹಿರಿಯರ ಮೂರ್ತಿ ನೋಡಲು ಬಂದದ್ದು. ಆ ಹಿರಿಯರು ಸುಬ್ಬಲಕ್ಷ್ಮಿಯ ತಂದೆ. ಅವರ ಒಂದು ಫೋಟೊ ಕೂಡ ಯಾರ ಬಳಿಯೂ ಇರಲಿಲ್ಲ. ಮುಂಡಾಸು, ಮೀಸೆ, ಕಿವಿಯ ಒಂಟಿ ಎಂದು ಪ್ರಮೋದ ಬಾಯಲ್ಲಿ ಹೇಳಿದ್ದರ ಮೇಲೆ ದಿನಕರರು ಕೆತ್ತಿದ್ದರು.

ಮಗಳಿಗೆ ಈಗ ಎಂಬತ್ತು ದಾಟಿದೆ. ಮೂರ್ತಿಯ ಮುಂದೆ ನಿಂತು, ಮೂಗಿನಿಂದ ಹಣೆಯವರೆಗೆ ಬೆರಳಾಡಿಸಿದರು.

“ಇದು ಯಾರೋ ದಿನಕರ?”

“ನಿಮ್ಮ ಅಪ್ಪಯ್ಯ, ಸುಬ್ಬಕ್ಕ.”

“ಅಲ್ಲ. ಇದು ನಿನ್ನ ಅಪ್ಪ. ದೇವರ ಮಂಟಪ ಕೆತ್ತಕ್ಕೆ ಬಂದು ಮೂರು ತಿಂಗಳು ನಮ್ಮನೇಲೇ ಉಂಡವ. ಆ ಹುಬ್ಬು ನಂಗೆ ಮರೀತದ?”

ಪೀಠದಲ್ಲಿ ಅಜ್ಜನ ಹೆಸರು ಸರಿಯಾಗೇ ಇದೆಯಲ್ಲ, ಅಜ್ಜನನ್ನು ಕಂಡವರು ಈಗ ಯಾರಿದ್ದಾರೆ ಎಂದು ಪ್ರಮೋದ ತೇಲಿಸಿದ. ಮುದುಕಿ ಅವನತ್ತ ತಿರುಗಿ, ತಮ್ಮ ಎದೆಗೇ ಬೆರಳಿಟ್ಟು ತೋರಿಸಿದರು.

“ಆನು ಇದ್ನಲ, ಮಾಣಿ. ಸತ್ತಿದ್ನಿಲ್ಲೆ.”

ಬಾಗಿಲ ಬಳಿಗೆ ಸರಿದು ನಿಂತಿದ್ದ ಬದ್ರುದ್ದೀನ್ ಸಾಹೇಬರು ಈಗ ದನಿ ಏರಿಸದೆ ಹೇಳಿದರು: “ಹೆಸರು ಇವರಪ್ಪಂದು, ಮುಖ ನಿನ್ನಪ್ಪಂದು. ಇದನ್ನೂ ಆ ತಟ್ಟೇಲಿ ಇಡು ದಿನಕರ. ಅಡಿಗೆ ನಿನ್ನ ಹೆಸರು ಬರಿ.”

ದಿನಕರರ ಕಿವಿ ಕೆಂಪಾಯಿತು. ಬಾಯಿಗೆ ಬಂದ ಬಿರುಸು ಮಾತನ್ನು ನುಂಗಿದರು. ಮೂರ್ತಿಯ ಹುಬ್ಬನ್ನು ನೋಡಿದರು. ಅಲ್ಲಿ ಅಪ್ಪನೇ ಇದ್ದರು. ಕೆತ್ತುವಾಗ ಒಮ್ಮೆಯೂ ಅಪ್ಪನನ್ನು ನೆನೆದಿರಲಿಲ್ಲ. ಮೋಸದ ಎಣಿಕೆಯಂತೂ ಇರಲೇ ಇಲ್ಲ. ಕಾಣದವರ ಮುಖ ಕೆತ್ತೆಂದರೆ ಕೈ ತಾನು ಬಲ್ಲ ಮುಖದ ಕಡೆಗೇ ಹೋಗುತ್ತದೆ. ಅಷ್ಟು ದೂರದ ಟಂಕಸಾಲೆಯಲ್ಲಿ ಕುಳಿತು ಸಾಹೇಬರ ನಾಣ್ಯದ ಅಚ್ಚು ಕೆತ್ತಿದವನ ಕೈಯೂ ಹಾಗೆಯೇ ಹೋಗಿರಬೇಕಲ್ಲವೇ. ದೇವರು ಮನುಷ್ಯನಿಗೆ ಕಣ್ಣು ತೆರೆಸುವ ಗಳಿಗೆ ಯಾವಾಗಲೂ ಹಿತವಾಗಿರುವುದಿಲ್ಲ.

ಅವರು ತಟ್ಟೆಯಿಂದ ಮೂರನೆಯ ನಾಣ್ಯವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದರು. ಆರು ವರ್ಷದಲ್ಲಿ ಮೊದಲ ಸಲ ಅದನ್ನು ಮಗುಚಿ ಹಿಂಬದಿ ನೋಡಿದರು. ಭೂತಗನ್ನಡಿಯ ಕೆಳಗೆ, ನಿಂತ ದೇವರ ಕಾಲಡಿಯಲ್ಲಿ, ಮೂರು ಅಕ್ಷರ ಕಂಡವು. ಅಲೆಕ್ಸಾಂಡ್ರಿಯಾ ಎಂಬ ಊರಿನ ಹೆಸರಿನ ಮೊದಲ ಮೂರು. ಆ ಊರು ಲಿಸಿನಿಯಸ್ಸನ ಸೀಮೆಯದು, ಆದರೆ ಅಲ್ಲಿ ಇಬ್ಬರು ರಾಜರ ಹೆಸರಿನಲ್ಲೂ ನಾಣ್ಯ ಹೊಡೆಯುತ್ತಿದ್ದರು. ಅಲ್ಲಿಯ ಕೆತ್ತುಗಾರ ದಿನವೂ ಕೆತ್ತುತ್ತಿದ್ದ ಮುಖ ಲಿಸಿನಿಯಸ್ಸನದು. ಕಾನ್‌ಸ್ಟಂಟೈನನನ್ನು ಅವನು ಎಲ್ಲಿ ಕಂಡಿರಬೇಕು?

ಸುಬ್ಬಲಕ್ಷ್ಮಿಗೆ ಕೈಮುಗಿದು, ಎದುರು ಕೂತು ಹೇಳಿಸಿಕೊಂಡು ಮತ್ತೆ ಕೆತ್ತುತ್ತೇನೆ ಎಂದರು. ಬಳಗದ ಕಾರ್ಯದರ್ಶಿ ಗಿರೀಶನಿಗೆ ಅಲ್ಲೇ ಫೋನು ಮಾಡಿ, ಮೊಬೈಲಿನಲ್ಲಿ ಹರಿದಾಡುವ ಆ ಫೋಟೊದ ಅಡಿಗೆ, ಯಲ್ಲಾಪುರದ ನಾಣ್ಯ ಅಸಲಿ, ತಪ್ಪು ದಿನಕರನದು ಎಂದು ಈಗಲೇ ಹಾಕಲು ಹೇಳಿದರು. ಗಿರೀಶ ಏನೋ ಕೇಳುತ್ತಿರುವಾಗಲೇ ಫೋನು ಇಟ್ಟರು.

ಸಾಹೇಬರ ಸಿಟ್ಟು ಇಳಿದಿರಲಿಲ್ಲ. ಆರು ವರ್ಷದ್ದು, ಒಂದು ಬೆಳಗಿಗೆ ಇಳಿಯುವಂಥದಲ್ಲ. ದವಡೆ ಬಿಗಿದೇ ಇತ್ತು. ಆದರೂ ಕೈ ಚಾಚಿದರು.

ದಿನಕರರು ಚೀಟಿಯನ್ನು ಹರಿದು, ಮೈಮೇಲಿನ ಪಂಚೆಯಿಂದ ನಾಣ್ಯವನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಆ ಅಂಗೈಯಲ್ಲಿ ಇಟ್ಟರು.