ಒಂಬತ್ತನೆಯ ಹೂವಿನ ನರ

ಅಪ್ಪ ತೀರಿಕೊಂಡ ಮೂವತ್ತಾರನೆಯ ದಿನ ತಮ್ಮ ಪ್ರಯಿತ್ನೊ ಫೋನ್ ಮಾಡಿದ. "ಮ್ಬಾಕ್," ಅಂದ, ಜಾವಾದಲ್ಲಿ ಅಕ್ಕನನ್ನು ಕರೆಯುವಂತೆ, "ಅಪ್ಪನ ಉಳಿಗೆ ಏನೋ ಆಗಿದೆ. ಅರ ಹಾಕಿದ್ರೆ ಗಾಜಿನ ಮೇಲೆ ಜಾರಿದ ಹಾಗೆ ಜಾರ್ತಿದೆ."

ಕಾಲೇಜಿನಲ್ಲಿ ಲೋಹಶಾಸ್ತ್ರದ ಪಾಠ ಮುಗಿಸಿ ಬೆಳ್ಳಿ ಕೆಲಸದವರ ಊರಾದ ಕೋತಗೆಡೆಯ ನಮ್ಮ ಮನೆಗೆ ಹೋದೆ. ಅಪ್ಪನ ಕೊನೆಯ ಬೆಳ್ಳಿ ಬಟ್ಟಲು, ಕೆತ್ತುವಾಗ ಅಲುಗದಂತೆ ಹಿಡಿಯುವ ಅರಗಿನ ಮೇಲೆ ಕೂತಿತ್ತು. ಅದರ ಮೇಲೆ ಕೆತ್ತಿದ ಎಂಟು ಹೂವು ಪೂರ್ತಿಯಾಗಿದ್ದವು. ಒಂಬತ್ತನೆಯದರ ಎಸಳುಗಳಿಗೆ ನರ ಮೂಡಿಸುವುದು ಬಾಕಿ. ನಲವತ್ತನೆಯ ದಿನ ಸಮಾಧಿಗೆ ಹೂವು ಒಯ್ಯಲು ಅಮ್ಮನಿಗೆ ಅದೇ ಬಟ್ಟಲು ಬೇಕು, ಅದೂ ಅಪ್ಪನ ಕೈಯಲ್ಲೇ ಮುಗಿದಂತಿರಬೇಕು. ನರ ಎಳೆಯುವ ಉಳಿ ಒಂದೇ. ಅದರ ತುದಿ ಚೂರು ಮುರಿದಿತ್ತು. ಮೆತ್ತಗೆ ಮಾಡಿ ಅರದಿಂದ ತಿದ್ದೋಣವೆಂದು ಪ್ರಯಿತ್ನೊ ಕೆಂಪಗೆ ಕಾಯಿಸಿದ್ದ.

"ಆಮೇಲೆ?"

"ನೀರಿಗೆ ಹಾಕ್ದೆ. ಬೆಳ್ಳಿಗೆ ದಿನಾ ಹಾಗೇ ಮಾಡ್ತೀವಲ್ಲ."

"ಇದು ಬೆಳ್ಳಿಯೇನೋ ಪೆದ್ದ?"

"ಪಾಠ ಬೇಡ ಮಾರಾಯ್ತಿ, ದಾರಿ ಹೇಳು."

ಉಳಿಗಳನ್ನು ಅಪ್ಪ ಒಬ್ಬನೇ ಮಾಡುತ್ತಿದ್ದ, ಯಾರಿಗೂ ಕಲಿಸಿರಲಿಲ್ಲ. ಕೆಲಸದ ಬೆಳ್ಳಿಯಲ್ಲಿ ನೂರಕ್ಕೆ ಏಳೂವರೆ ಪಾಲು ತಾಮ್ರ. ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಬೆಳ್ಳಿಯೊಳಗೆ ಕರಗಿಯೇ ಉಳಿಯುತ್ತದೆ, ತಗಡು ಮೆತ್ತಗಾಗುತ್ತದೆ. ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲು ಇಂಗಾಲ. ಅದೇ ನೀರು ಅದನ್ನು ಒಳಗೇ ಸಿಕ್ಕಿಹಾಕಿಸುತ್ತದೆ, ಉಳಿ ಗಾಜಿನಂತೆ ಗಡುಸಾಗುತ್ತದೆ. ಗಡಸುತನ ಅಳೆದರೆ ಬೆಳ್ಳಿ ಎಪ್ಪತ್ತರ ಹತ್ತಿರ, ಉಕ್ಕು ಎಂಟುನೂರರ ಮೇಲೆ. ಈ ಅಂಕಿಗಳನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಅವತ್ತೂ ಅದೇ ದನಿಯಲ್ಲಿ ಹೇಳಿದೆ. ಅಪ್ಪನ ಚಾಪೆಯ ಮೇಲೆ ಕೂತಿದ್ದೇನೆ ಎಂದು ಅರ್ಧ ಹೇಳಿದ ಮೇಲೆ ಗಮನಕ್ಕೆ ಬಂತು. ಏನೂ ಅನ್ನಿಸಲಿಲ್ಲ.

ಉಳಿಯನ್ನು ಮತ್ತೆ ಕೆಂಪಗೆ ಕಾಯಿಸಿ, ನಿಧಾನವಾಗಿ ಆರಿ ಮೆತ್ತಗಾಗಲೆಂದು ಬೂದಿಯಲ್ಲಿ ಹೂತೆವು. ಮರುದಿನ ಅರ ಹಿಡಿಯಿತು. ಪ್ರಯಿತ್ನೊ ತುದಿ ತಿದ್ದಿದ. ಇನ್ನೊಮ್ಮೆ ಕಾಯಿಸಿ ನೀರಿಗೆ ಹಾಕಿ, ಒಣಹುಲ್ಲಿನ ಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಹದ ಕೊಟ್ಟೆವು. ಎಲ್ಲವೂ ಸರಿಯಾಗಿತ್ತು.

ಬೆಳ್ಳಿಯ ಚೂರೊಂದರ ಮೇಲೆ ಅವನು ಒಂದು ಗೆರೆ ಹೊಡೆದ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಬಟ್ಟಲಿನ ಪಕ್ಕ ಹಿಡಿದಳು, ಎರಡರ ಮೇಲೂ ಹೆಬ್ಬೆರಳು ಎಳೆದಳು.

"ಇದು ತೆಳ್ಳಗಿದೆ. ಅವರ ಗೆರೆ ಅಲ್ಲ."

"ತುದಿ ಸ್ವಲ್ಪ ಉಜ್ಜಿ ಮೊಂಡು ಮಾಡ್ಲಾ?" ಪ್ರಯಿತ್ನೊ ನನ್ನನ್ನು ಕೇಳಿದ.

ಅಪ್ಪನ ಕೈಯಲ್ಲಿ ಆ ತುದಿ ಸವೆದು ಮೊಂಡಾಗಲು ಮೂವತ್ತು ವರ್ಷ ಹಿಡಿದಿತ್ತು. ಸವೆದದ್ದನ್ನು ಯಾರೂ ಅಳೆದಿಟ್ಟಿರಲಿಲ್ಲ, ನಾನೂ. "ಮಾಡಬಹುದು, ಆದ್ರೆ ಅಪ್ಪನ ಗೆರೆ ಆಗಲ್ಲ," ಅಂದೆ.

"ಹಾಗಾದ್ರೆ ಬಿಡು, ಬಟ್ಟಲನ್ನ ಹಾಗೇ ಅರಗಿನಿಂದ ಬಿಡಿಸು," ಎಂದು ಅಮ್ಮ ಒಳಗೆ ಹೋದಳು.

ನಲವತ್ತನೆಯ ದಿನ ಅವಳು ಬಟ್ಟಲನ್ನು ಎದೆಗೊತ್ತಿ ಹಿಡಿದಿದ್ದಳು, ನರವಿಲ್ಲದ ಹೂವು ತನ್ನ ಕಡೆಗೆ ಇರುವಂತೆ. ನಾನು ಅದರಿಂದ ಹೂವಿನ ಎಸಳು ತೆಗೆದು ಸಮಾಧಿಯ ಮೇಲೆ ಸುರಿದೆ.